ಉತ್ತರ ಕೊಡಬೇಕಾಗಿಲ್ಲ

ಫೆಬ್ರವರಿ ೯

ಮಗಳೇ,

ನಿನ್ನೆಯಿಂದ ಫೋನ್ ಮಾಡುತ್ತಲೇ ಇದ್ದೀಯ. ನಾನು ಎತ್ತುವುದಿಲ್ಲ. ಫೋನಿನಲ್ಲಿ ನನ್ನ ದನಿ ಏರುತ್ತದೆ, ನಿನ್ನದು ಇಳಿಯುತ್ತದೆ, ಕೊನೆಗೆ ಇಬ್ಬರೂ ‘ಆಯ್ತು ಬಿಡು’ ಎಂದು ಇಟ್ಟುಬಿಡುತ್ತೇವೆ. ಈ ಸಲ ಬಿಡುವ ಮಾತಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಅಕ್ಷರ ದಪ್ಪದಪ್ಪಗಿದೆ ಎಂದು ನಗಬೇಡ. ಇದಕ್ಕಿಂತ ಸಣ್ಣಗೆ ಬರೆದರೆ ನನಗೇ ಕಾಣುವುದಿಲ್ಲ.

ಮೊನ್ನೆ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಎರಡು ಕಣ್ಣಿಗೂ ಪೊರೆ ಬಂದಿದೆ, ಎಡಗಣ್ಣಿನದು ಚೆನ್ನಾಗಿ ಬಲಿತಿದೆ, ತಡ ಮಾಡದೆ ತೆಗೆಸಿಬಿಡಿ ಎಂದರು ಡಾಕ್ಟರು. ನನಗೇನು ಅದು ಹೊಸ ಸುದ್ದಿಯಲ್ಲ. ಪ್ರೆಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಲು ಈಗ ಪಕ್ಕದವಳನ್ನು ಕರೆಯುತ್ತೇನೆ. ಇಡೀ ಆಯಸ್ಸು ಪುಸ್ತಕ ಹೊಲಿದು ಬೈಂಡ್ ಮಾಡಿದವಳಿಗೆ ಅದಕ್ಕಿಂತ ಅವಮಾನ ಬೇರೆ ಬೇಕಿಲ್ಲ. ಆಪರೇಷನ್ನಿಗೆ ಹೆಸರು ಬರೆಸೋಣ ಎಂದು ಕೆಳಗಿನ ಹಾಲಿಗೆ ಬಂದೆ.

ಹಾಲಿನ ತುಂಬ ಜನ. ಅರ್ಧಕ್ಕರ್ಧ ಜನರ ಕಣ್ಣಿಗೆ ಪಟ್ಟಿ. ಕೌಂಟರಿನಲ್ಲಿ ಗಾಜಿನ ಹಿಂದೆ ಒಬ್ಬ ಹುಡುಗಿ. “ಫೋನಲ್ಲಿ ಫಾರಂ ನೀವೇ ಓದ್ಕೊಂಡು ತುಂಬ್ತೀರಾ ಅಮ್ಮ?” ಎಂದಳು. “ಓದೋಕೆ ಕಾಣ್ತಿದ್ರೆ ಇಲ್ಲಿಗ್ಯಾಕಮ್ಮ ಬರ್ತಿದ್ದೆ?” ಎಂದೆ. ಪಾಪ, ನಕ್ಕಳು. “ಸರಿ, ನಾನೇ ಓದ್ತೀನಿ, ನೀವು ಹೇಳ್ತಾ ಹೋಗಿ” ಎಂದು ಶುರು ಮಾಡಿದಳು. ಗಾಜಿನಾಚೆ ಕೇಳಬೇಕಲ್ಲ, ಗಟ್ಟಿಯಾಗಿಯೇ ಓದುತ್ತಾಳೆ. ವಯಸ್ಸು, ವಿಳಾಸ, ಸಕ್ಕರೆ ಕಾಯಿಲೆ ಉಂಟೋ, ಬಿ.ಪಿ. ಉಂಟೋ. ಎಲ್ಲ ಹೇಳಿದೆ. ಮಕ್ಕಳೆಷ್ಟು ಎಂದಳು. ಕಣ್ಣಿಗೂ ಮಕ್ಕಳಿಗೂ ಏನು ಸಂಬಂಧವೋ, ಇರಲಿ ಎಂದು “ಒಬ್ಬಳು ಮಗಳು” ಎಂದೆ. ಆಮೇಲೆ ಅವಳು ಮುಂದಿನದನ್ನು ಓದಿದಳು:

“ಕೈಗೆಟುಕದಷ್ಟು ದೂರ ಹೋದ ಮಕ್ಕಳಿದ್ದರೆ, ಎಷ್ಟು ಜನ ಎಂದು ದಯವಿಟ್ಟು ತಿಳಿಸುವಿರಾ?”

ನಾನು ಗಾಜು ಹಿಡಿದುಕೊಂಡೆ. ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಅವಳು ಇನ್ನೂ ಗಟ್ಟಿಯಾಗಿ ಬಿಡಿಸಿ ಹೇಳಿದಳು. “ತೀರ್ಕೊಂಡಿರೋ ಮಕ್ಕಳು ಎಷ್ಟು ಅಂತ ಕೇಳ್ತಿದೆ ಅಮ್ಮ. ಅದನ್ನ ಹಾಕ್ದೆ ಮುಂದಕ್ಕೆ ಹೋಗಲ್ಲ ಇದು.” ಹಿಂದಿನಿಂದ ಯಾರೋ ಗಂಡಸು, “ಬೇಗ ಹೇಳಿ ತಾಯಿ, ನಮ್ ಟೋಕನ್ನೂ ಬರ್ಬೇಕು” ಎಂದ. ನಾನು ಚೀಲ ಎತ್ತಿಕೊಂಡು ಆಚೆ ಬಂದೆ. ಹೆಸರು ಬರೆಸಲಿಲ್ಲ.

ಆ ಆಸ್ಪತ್ರೆಯ ಆ್ಯಪ್ ಮಾಡಿದ್ದು ನಿನ್ನ ಕಂಪನಿ. ನೀನೇ ಹೇಳಿದ್ದೆ, ಅದರಲ್ಲಿ ಬರುವ ಒಂದೊಂದು ಮಾತನ್ನೂ ನಾನೇ ಬರೆಯುವುದು ಅಮ್ಮ, ಎಂದು. ನಾನು ಪ್ರೆಸ್ಸಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ‘ಕೈಗೆಟುಕದಷ್ಟು ದೂರ’ ಎನ್ನುವುದು ಯಾರ ಮಾತು ಎಂದು ನಿನಗೆ ಗೊತ್ತಿದೆ. ನಿನ್ನನ್ನು ಶಾಲೆಗೆ ಸೇರಿಸುವಾಗ ಗುಮಾಸ್ತ “ಇವಳೊಬ್ಬಳೇನಾ?” ಎಂದು ಕೇಳಿದ. “ಇಬ್ಬರು. ಒಬ್ಬ ಕೈಗೆಟುಕದಷ್ಟು ದೂರ ಹೋಗಿದ್ದಾನೆ” ಎಂದಿದ್ದೆ. ನೀನು ನನ್ನ ಬೆರಳು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವತ್ತು ಕೇಳಿಸಿಕೊಂಡವರಲ್ಲಿ ಈಗ ನೀನೊಬ್ಬಳೇ ಉಳಿದಿರುವುದು. ನಿನ್ನ ಅಪ್ಪನೂ ಇಲ್ಲ.

ಮನೆಯೊಳಗಿನ ಮಾತನ್ನು ಬೀದಿಯಲ್ಲಿ ನಿಲ್ಲಿಸಿದೆಯಲ್ಲ. ಯಾಕೆ ಎಂದು ಹೇಳು.

ಅಮ್ಮ


ಫೆಬ್ರವರಿ ೧೭

ಅಮ್ಮ,

ನಿನ್ನ ಕಾಗದ ಓದಿ ಎರಡು ದಿನ ಆಫೀಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ. ನಾನು ಬೇರೆ ದಿನವೂ ಮಾತಾಡುವುದಿಲ್ಲವಲ್ಲ. ಈಗ ನನಗೂ ಸಿಟ್ಟು ಬಂದಿದೆ. ನೀನು ನನ್ನನ್ನು ಏನೂ ಕೇಳದೆ ಕಳ್ಳಿಯನ್ನಾಗಿ ಮಾಡಿಬಿಟ್ಟೆ.

ನಾನು ಸೇರುವ ಮುಂಚೆ ಆ ಜಾಗದಲ್ಲಿ ಏನಿತ್ತು ಗೊತ್ತೇ? ‘ಮೃತ ಮಕ್ಕಳ ಸಂಖ್ಯೆ. ಕಡ್ಡಾಯ.’ ಅಷ್ಟೇ. ಪೊಲೀಸ್ ಠಾಣೆಯಲ್ಲಿ ಕೇಳಿದ ಹಾಗೆ. ಅದನ್ನು ಬದಲಾಯಿಸಿ ಎಂದು ನಾನು ಹಿಡಿದ ಹಟ ನಿನಗೆ ಗೊತ್ತಿಲ್ಲ. ನಮ್ಮ ತಂಡದ ಮುಖ್ಯಸ್ಥರಿಗೆ ನಾವೆಲ್ಲ ಬೆನ್ನ ಹಿಂದೆ ಶೇಕಡಾ ಸಾಹೇಬ ಎನ್ನುತ್ತೇವೆ. ಯಾವ ಮಾತಾಡಿದರೂ ಶೇಕಡಾ ಇಷ್ಟು, ಶೇಕಡಾ ಅಷ್ಟು. ಅವರ ಎದುರು ಬಾಯಿ ತೆರೆಯಬೇಕೆಂದರೆ ನನಗೆ ಮೈಯೆಲ್ಲ ಬೆವರುತ್ತದೆ. ಆದರೂ ಹೋಗಿ ಹೇಳಿದೆ, “ಸರ್, ಜನ ಇದನ್ನ ಓದಿದ್ರೆ ನೋವಾಗುತ್ತೆ” ಎಂದು. “ಹಾಗಾದ್ರೆ ನೋವಾಗದ ಹಾಗೆ ಬರೀರಿ. ನಿಮ್ಮನ್ನ ತಗೊಂಡಿದ್ದೇ ಅದಕ್ಕಲ್ವಾ?” ಎಂದರು.

ದಿನಗಟ್ಟಲೆ ಬರೆದು ಹರಿದೆ. ‘ಅಗಲಿದ’ ಎಂದರೆ ಪತ್ರಿಕೆಯ ಜಾಹೀರಾತಿನ ಹಾಗಿರುತ್ತದೆ. ‘ಕಳೆದುಕೊಂಡ’ ಎಂದರೆ ತಾಯಿಯೇ ಎಲ್ಲೋ ಬಿಟ್ಟುಬಂದ ಹಾಗೆ. ‘ಇಲ್ಲದ ಮಕ್ಕಳು’ ಎಂದರೆ ಇರಲೇ ಇಲ್ಲ ಎಂದಂತೆ. ಆಗ ನಿನ್ನ ಮಾತು ನೆನಪಾಯಿತು. ಬರೆಯುವಾಗ ಅದು ನಿನ್ನದೆಂದು ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಅಷ್ಟು ಮರ್ಯಾದೆಯ ಮಾತು ನನಗೆ ಬೇರೆಲ್ಲೂ ಸಿಗಲಿಲ್ಲ. ಓದಿದ ಪುಸ್ತಕಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಗುರುತಿಲ್ಲದ ಯಾವುದೋ ತಾಯಿ ಒಬ್ಬಳೇ ಕೂತು ಫೋನಿನಲ್ಲಿ ಅದನ್ನು ಓದಿದಾಗ, ಕೇಳುತ್ತಿರುವವರು ಮನುಷ್ಯರು ಎಂದು ಅವಳಿಗೆ ಅನ್ನಿಸಲಿ ಎಂದು ಬರೆದೆ. ಇದು ಬೀದಿಯಲ್ಲಿ ನಿಲ್ಲಿಸುವುದೇ?

ನಿನಗೆ ಬೇಸರವಾಗಿದ್ದರೆ ಆಗಲಿ. ಆದರೆ ಕಣ್ಣಿನ ವಿಷಯದಲ್ಲಿ ಹಟ ಬೇಡ. ನಿಮ್ಮ ಕಡೆ ಇರುವುದು ಅದೊಂದೇ ಕಣ್ಣಾಸ್ಪತ್ರೆ. ಮತ್ತೆ ಹೋಗು. ಆ ಪ್ರಶ್ನೆ ಬಂದಾಗ ಸೊನ್ನೆ ಎಂದುಬಿಡು. ಒಂದು ಅಂಕಿ, ಅಷ್ಟೇ. ಯಾರೂ ಪರೀಕ್ಷಿಸುವುದಿಲ್ಲ. ಸೊನ್ನೆ ಹಾಕಿದರೆ ತಾನಾಗಿ ಮುಂದಿನ ಪುಟಕ್ಕೆ ಹೋಗುತ್ತದೆ.

ನಿನ್ನ ಮಗಳು


ಮಾರ್ಚ್ ೧

ಮಗಳೇ,

ಸೊನ್ನೆ.

ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಓದಿದೆ, ನನ್ನ ಪೊರೆಯೇ ಹಾಗೆ ಓದಿಸುತ್ತಿದೆಯೇನೋ ಎಂದು. ಪಕ್ಕದ ಮನೆಯ ಟೀಚರನ್ನು ಕರೆದು ಓದಿಸಿದೆ. ಅವರೂ ಅದನ್ನೇ ಓದಿದರು.

ಅವನನ್ನು ಹೊತ್ತವಳು ನಾನು. ಏಳು ವರ್ಷ ಅವನ ತಲೆ ಬಾಚಿದವಳು ನಾನು. ಸೊನ್ನೆಯಂತೆ. ತಾನಾಗಿ ಮುಂದಿನ ಪುಟಕ್ಕೆ ಹೋಗುತ್ತದಂತೆ.

ನೀನು ಕೇಳಿದ ಪ್ರಶ್ನೆ ಒಂದು ಕಡೆ ಇರಲಿ, ನೀನು ಹೇಳಿಕೊಟ್ಟ ಉತ್ತರ ನೋಡು.

ಇನ್ನೊಂದು ಹೇಳಿಬಿಡುತ್ತೇನೆ. ಗುರುತಿಲ್ಲದ ತಾಯಿ ಒಬ್ಬಳೇ ಕೂತು ಓದುತ್ತಾಳೆ ಎಂದು ಬರೆದಿದ್ದೀಯ. ಅದು ಕಣ್ಣಾಸ್ಪತ್ರೆ ಕಣೇ. ಕಣ್ಣು ಕಾಣದವರು ಬರುವ ಜಾಗ. ಅಲ್ಲಿ ಯಾರು ಓದಿಕೊಳ್ಳುತ್ತಾರೆ? ನೀನು ಕಿವಿಯಲ್ಲಿ ಹೇಳಿದೆ ಎಂದುಕೊಂಡದ್ದನ್ನೆಲ್ಲ ಅಲ್ಲಿ ಕೂಗಿ ಹೇಳುತ್ತಾರೆ.

ನಾನು ಹೋಗುವುದಿಲ್ಲ. ಹೋದ ವಾರ ಒಂದು ಪುಸ್ತಕದ ನಡುವಿನ ಹಾಳೆಕಟ್ಟನ್ನು ತಲೆಕೆಳಗಾಗಿ ಹೊಲಿದಿದ್ದೆ. ಪ್ರೆಸ್ಸಿನ ಯಜಮಾನರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನೀವು ಸ್ವಲ್ಪ ದಿನ ರಟ್ಟಿಗೆ ಅಂಟು ಬಳ್ಕೊಂಡಿರಿ ಅಕ್ಕ” ಎಂದರು. ಅಂಟು ಬಳಿಯುತ್ತಿದ್ದೇನೆ.

ಹೆತ್ತವಳು


ಮಾರ್ಚ್ ೨೧

ಅಮ್ಮ,

ತಕ್ಷಣ ಉತ್ತರ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಸೊನ್ನೆ ಎಂದು ಬರೆದ ಕೈ ನನ್ನದೇ. ಅದಕ್ಕೆ ಸಮಜಾಯಿಷಿ ಇಲ್ಲ, ಕೊಡುವುದೂ ಇಲ್ಲ.

ನಿನ್ನ ಕಾಗದ ಬಂದ ಮೇಲೆ ಒಂದು ಕೆಲಸ ಮಾಡಿದೆ. ನಮ್ಮ ಆ್ಯಪ್ ಇರುವ ಇಲ್ಲಿನ ಕಣ್ಣಾಸ್ಪತ್ರೆಗೆ ರಜೆ ಹಾಕಿ ಹೋಗಿ, ಹಾಲಿನಲ್ಲಿ ಒಂದು ಮೂಲೆಯ ಕುರ್ಚಿಯಲ್ಲಿ ಕೂತೆ. ಇಷ್ಟು ದಿನ ಇದನ್ನೆಲ್ಲ ಬರೆದ ನಾನು, ಒಂದು ಸಲವೂ ಹೋಗಿ ನೋಡಿರಲಿಲ್ಲ. ನಮ್ಮ ಆಫೀಸಿನಲ್ಲಿ ಯಾರೂ ನೋಡಿಲ್ಲ. ನಮ್ಮ ಗೋಡೆಯ ಮೇಲೆ ಒಂದು ಚಿತ್ರವಿದೆ, ಸೋಫಾದಲ್ಲಿ ಕೂತು ಫೋನ್ ನೋಡಿ ನಗುವ ಹೆಂಗಸು. ನಾವೆಲ್ಲ ಅವಳಿಗೇ ಬರೆಯುತ್ತಿದ್ದೆವು.

ಇಲ್ಲಿನ ಕೌಂಟರಿನಲ್ಲಿ ಗಾಜೂ ಇಲ್ಲ, ಆದರೂ ಕೂಗಿಯೇ ಓದುತ್ತಾರೆ. ಒಬ್ಬ ಮುದುಕರು ಬಂದರು. ಹೆಂಡತಿ ಅವರ ತೋಳು ಹಿಡಿದಿದ್ದರು. ನನ್ನ ವಾಕ್ಯ ಬಂತು. ಇಡೀ ಹಾಲಿಗೆ ಕೇಳುವ ಹಾಗೆ, ನಡುವೆ ಆಕಳಿಸುತ್ತ, ಕೌಂಟರಿನವರು ಅದನ್ನು ಓದಿದರು. ಮುದುಕರು “ಮೂರು” ಎಂದರು. ಹೆಂಡತಿ ಮೆಲ್ಲಗೆ “ನಾಲ್ಕು” ಎಂದರು. ಮುದುಕರು ಅವರ ಕಡೆ ತಿರುಗಿದರು. “ಯಾವ್ದು?” ಎಂದರು. ಆಕೆ ನೆಲ ನೋಡುತ್ತ ನಿಂತರು. ಕೌಂಟರಿನವರು, “ಮೂರೋ ನಾಲ್ಕೋ ಬೇಗ ಹೇಳಿ” ಎಂದರು.

ಅಮ್ಮ, ನಾನು ಆ ಕುರ್ಚಿಯಿಂದ ಎದ್ದು ಹೋಗಿ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾಯಿ ಹೇಗೆಂದು ನಿನಗೆ ಗೊತ್ತಲ್ಲ. ಆದರೆ ಹಾಲಿನಿಂದ ನೇರವಾಗಿ ಆಫೀಸಿಗೆ ಹೋದೆ, ರಜೆ ಹಾಕಿದ ದಿನವೇ, ಮತ್ತು ಶೇಕಡಾ ಸಾಹೇಬರ ಬಾಗಿಲು ತಟ್ಟಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ತಟ್ಟಿದ ಮೇಲೆ ಅವರು ಕರೆಯುವ ತನಕ ಕಾಯಲಿಲ್ಲ.

“ಈ ಪ್ರಶ್ನೆಯ ಉತ್ತರ ಯಾರಿಗೆ ಬೇಕು ಸರ್? ಡಾಕ್ಟರಿಗಾ?” ಎಂದೆ.

“ಇಲ್ಲ, ಅವ್ರಿಗೆ ಕಾಣೋದೂ ಇಲ್ಲ ಅದು.”

“ಆಸ್ಪತ್ರೆಯವರು ಕೇಳಿದ್ರಾ?”

“ಯಾರೂ ಕೇಳಿಲ್ಲ. ನಮ್ಮ ಮೊದಲನೇ ಗಿರಾಕಿ ಹೆರಿಗೆ ಆಸ್ಪತ್ರೆ. ಅವರಿಗೆ ಬೇಕಿತ್ತು. ಆಮೇಲೆ ಬಂದ ಆಸ್ಪತ್ರೆಗಳಿಗೂ ಅದೇ ಪ್ರಶ್ನೆಗಳನ್ನ ಕೊಟ್ವಿ.”

“ಹಾಗಾದ್ರೆ ತೆಗೆದುಬಿಡಿ ಸರ್.”

“ತೆಗೀಬೇಕು ಯಾಕೆ? ಮಾಹಿತಿ ಇದ್ರೆ ಮುಂದೆ ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ. ನೀವು ಬರೆಯೋಕೆ ಮುಂಚೆ ಶೇಕಡಾ ನಲವತ್ತು ಜನ ಆ ಜಾಗಕ್ಕೆ ಬಂದು ಬಿಟ್ಟು ಹೋಗ್ತಿದ್ರು. ಈಗ ಬಿಟ್ಟುಹೋಗೋರು ಶೇಕಡಾ ಆರು. ನಿಮ್ಮ ವಾಕ್ಯ ಅಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ. ಪ್ರಶ್ನೆ ನಂದು, ಮಾತು ನಿಮ್ದು. ನಿಮ್ಮ ಕೆಲಸ ನೀವು ಮಾಡಿದ್ದೀರಿ, ಖುಷಿ ಪಡಿ.”

ಹೊರಗೆ ಬಂದು ನನ್ನ ಜಾಗದಲ್ಲಿ ಕೂತು ಆ ವಾಕ್ಯವನ್ನು ತೆರೆದು ಇನ್ನೊಮ್ಮೆ ಓದಿದೆ. ಮರ್ಯಾದೆ ಎಂದುಕೊಂಡು ಬರೆದದ್ದು ಗಾಳದ ತುದಿಯ ಹುಳುವಾಗಿತ್ತು. ‘ಮೃತ ಮಕ್ಕಳ ಸಂಖ್ಯೆ’ ಎಂದಿದ್ದಾಗ ಜನ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದರು. ಅದೇ ಸರಿಯಿತ್ತು. ನಾನು ಮೃದುವಾಗಿ ಕೇಳಿ ಅವರನ್ನು ಕೂರಿಸಿ ಉತ್ತರ ತೆಗೆದುಕೊಂಡೆ, ಯಾರಿಗೂ ಬೇಡದ ಉತ್ತರ. ಅವರ ಲೆಕ್ಕದಲ್ಲಿ ನೀನು ಬಿಟ್ಟುಹೋದ ಶೇಕಡಾ ಆರರಲ್ಲಿ ಒಬ್ಬಳು. ಅವರಿಗೆ ನೀನು ಅಷ್ಟೇ.

ನನಗೆ ಇಷ್ಟು ಸಿಟ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ನಿನ್ನ ಮಗಳು


ಏಪ್ರಿಲ್ ೬

ಮಗಳೇ,

ಆ ಮುದುಕರ ಹೆಂಡತಿಯ ನಾಲ್ಕನೆಯದು ಯಾವುದೆಂದು ನನಗೆ ಗೊತ್ತು. ಹುಟ್ಟುವ ಮುಂಚೆಯೇ ಹೋದದ್ದು. ಗಂಡನಿಗೆ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವನಿಗೆ ಮರೆತಿತ್ತು. ಇನ್ನು ಮನೆಗೆ ಹೋಗಿ ಅವರಿಬ್ಬರೂ ಎದುರುಬದುರು ಕೂರಬೇಕಲ್ಲ, ಅದನ್ನು ನಿಮ್ಮ ಸಾಹೇಬ ಯಾವ ಶೇಕಡಾದಲ್ಲಿ ಹಾಕುತ್ತಾನೆ, ಕೇಳು.

ಸಿಟ್ಟು ಬಂತು ಎಂದು ಬರೆದಿದ್ದೀಯ. ಬಂದದ್ದು ಒಳ್ಳೆಯದೇ. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ನೀನು ಮಂಚದ ಕೆಳಗೆ ಹೋಗಿ ಮಲಗುತ್ತಿದ್ದೆ. ಈಗಲೂ ಹಾಗೇ ಮಾಡುತ್ತೀಯೋ ಹೇಗೆ? ಪಕ್ಕದ ಮನೆ ಟೀಚರು, “ನಿಮ್ಮ ಮೌನಗೌರಿ ಬಾಗ್ಲು ತಟ್ಟಿದ್ಳಾ, ನಾನು ನಂಬಲ್ಲಪ್ಪ” ಎಂದರು. ನನಗೂ ಪೂರ್ತಿ ನಂಬಿಕೆ ಬಂದಿಲ್ಲ.

ಪ್ರಶ್ನೆ ಅವನದು, ಮಾತು ನಿನ್ನದು ಎಂದನಂತಲ್ಲ. ಮಾತು ನಿನ್ನದೂ ಅಲ್ಲ, ನನ್ನದು. ಅದನ್ನು ಅಲ್ಲಿಂದ ತೆಗೆ. ತೆಗೆದ ಜಾಗದಲ್ಲಿ ಏನು ಹಾಕುತ್ತೀಯೋ ಹಾಕು. ಅದನ್ನು ತೆಗೆಯುವ ತನಕ ನಾನು ಆ ಕೌಂಟರಿನ ಮುಂದೆ ನಿಲ್ಲುವುದಿಲ್ಲ. ಎಡಗಣ್ಣಿಗೆ ಈಗ ಬಾಗಿಲು, ಕಿಟಕಿ ಎಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಅಂಟು ಬಳಿಯುವಾಗಲೂ ಅಂಚು ದಾಟಿ ಹೋಗುತ್ತಿದೆ. ಯಜಮಾನರು ನನ್ನ ಸ್ಟೂಲನ್ನು ಬಾಗಿಲ ಹತ್ತಿರ ಹಾಕಿಸಿದ್ದಾರೆ. ಬೆಳಕಿಗೆ ಎಂದರು. ಬೆಳಕಿಗೋ, ಹೊರಗೆ ಹತ್ತಿರವಾಗಲಿ ಎಂದೋ.

ಇದನ್ನು ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಹೆದರಿಸುತ್ತಿದ್ದೇನೆ ಎಂದುಕೊಂಡರೂ ಸರಿ.

ಅಮ್ಮ


ಏಪ್ರಿಲ್ ೨೪

ಅಮ್ಮ,

ಮೊದಲು ಇದನ್ನು ಓದು: ಸೋಮವಾರ ಬೆಳಗ್ಗೆಯೇ ಆಸ್ಪತ್ರೆಗೆ ಹೋಗು. ತಡ ಮಾಡಬೇಡ. ಯಾಕೆಂದು ಹೇಳುತ್ತೇನೆ.

ನಿನ್ನ ಮಾತನ್ನು ತೆಗೆದೆ. ತೆಗೆದ ಮೇಲೆ ಅಲ್ಲಿ ಏನು ಬರೆಯಬೇಕೆಂದು ಈ ಸಲ ಹೆಚ್ಚು ಯೋಚಿಸಬೇಕಾಗಲಿಲ್ಲ. ಚೆಂದ ಮಾಡಲು ಹೋಗಲಿಲ್ಲ. ‘ದಯವಿಟ್ಟು’ ಕೂಡ ಹಾಕಲಿಲ್ಲ. ಹೀಗೆ ಬರೆದೆ:

‘ತೀರಿಹೋದ ಮಕ್ಕಳ ಬಗ್ಗೆ ಇಲ್ಲೊಂದು ಪ್ರಶ್ನೆಯಿದೆ. ಅದಕ್ಕೂ ನಿಮ್ಮ ಕಣ್ಣಿನ ಚಿಕಿತ್ಸೆಗೂ ಸಂಬಂಧವಿಲ್ಲ. ಉತ್ತರ ಕೊಡಬೇಕಾಗಿಲ್ಲ.’

ಕಣ್ಣಾಸ್ಪತ್ರೆಗಳ ಆ್ಯಪಿನಲ್ಲಿ ಮಾತ್ರ ಬದಲಾಯಿಸಿದ್ದೇನೆ. ನಾನು ಬರೆದದ್ದನ್ನು ಪರೀಕ್ಷೆ ಮಾಡುವವರು ಅದರ ಅರ್ಥ ನೋಡುವುದಿಲ್ಲ. ಕೊಟ್ಟ ಜಾಗದಲ್ಲಿ ಹಿಡಿಸುತ್ತದೆಯೇ, ಸಾಲು ಮುರಿಯುತ್ತದೆಯೇ, ಅಷ್ಟನ್ನೇ ನೋಡುತ್ತಾರೆ. ಹಿಡಿಸಿತು. ಆದರೆ ಉತ್ತರ ಕೊಡದಿದ್ದರೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲವಲ್ಲ, ಅದಕ್ಕೆ ಬಟನ್ ಅಕ್ಕನ ಹತ್ತಿರ ಹೋದೆ. ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು ಎಂದು ಕೂರಿಸುವವರು ಅವರು. ನಿನ್ನ ಕಾಗದದ ವಿಷಯ ಹೇಳಿದೆ. ಆ ಮುದುಕರ ವಿಷಯ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, “ನೋಡು, ನನ್ನ ಹೆಸ್ರು ಎಲ್ಲೂ ಬರ್ಬಾರ್ದು” ಎಂದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಎದ್ದು ಬಂದು, “‘ಬೇಡ, ಮುಂದೆ ಹೋಗಿ’ ಅನ್ನೋ ಬಟನ್ನು ಸಣ್ಣದಾಗಿ ಹಾಕ್ಲಾ, ದೊಡ್ಡದಾಗಿ ಹಾಕ್ಲಾ?” ಎಂದು ಕೇಳಿದರು. “ಉತ್ತರ ಕೊಡೋದು, ಬೇಡ ಅನ್ನೋದು, ಎರಡೂ ಬಟನ್ ಒಂದೇ ಅಳತೆ ಇರಲಿ ಅಕ್ಕ” ಎಂದೆ. “ಹೆಸ್ರು ಬಂದ್ರೆ ಬರ್ಲಿ ಬಿಡು” ಎಂದು ಹೋದರು.

ಇವತ್ತಿನಿಂದ ಅದು ಎಲ್ಲ ಕಣ್ಣಾಸ್ಪತ್ರೆಗಳಲ್ಲೂ ಇದೆ. ಶೇಕಡಾ ಸಾಹೇಬರು ತಿಂಗಳಿಗೊಮ್ಮೆ ಅಂಕಿ ನೋಡುತ್ತಾರೆ. ಮುಂದಿನ ತಿಂಗಳ ಮೊದಲಲ್ಲಿ ನೋಡಿದಾಗ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಏನಾಗುತ್ತದೋ ಗೊತ್ತಿಲ್ಲ. ಅಷ್ಟರೊಳಗೆ ನೀನು ಹೆಸರು ಬರೆಸಿಬಿಡಬೇಕು.

ಹೋಗುತ್ತೀಯಲ್ಲ?

ನಿನ್ನ ಮಗಳು


ಮೇ ೭

ಮಗಳೇ,

ಎಡಗಣ್ಣಿನ ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಎಂದರು. ಪಟ್ಟಿ ಕಟ್ಟಿದ್ದಾರೆ, ಬಗ್ಗಬಾರದು, ಕೆಮ್ಮಬಾರದು, ಬರೆಯಬಾರದು. ಇದನ್ನು ಟೀಚರ ಕೈಲಿ ಬರೆಸುತ್ತಿದ್ದೇನೆ.

ಕೌಂಟರಿನಲ್ಲಿ ನಡೆದದ್ದು ಹೇಳುವುದಿದೆ. ಬೇರೆಯದೂ ಇದೆ. ಅದನ್ನು ಇನ್ನೊಬ್ಬರ ಕೈಲಿ ಬರೆಸಲಾರೆ. ಪಟ್ಟಿ ಬಿಚ್ಚಲಿ.

ಅಮ್ಮ

ನಾನು ಟೀಚರ್. ನಿನ್ನ ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ. ನೀನು ರಜೆ ಹಾಕಿ ಬಂದು ನೋಡಬಹುದಿತ್ತು ಎಂದು ಸೇರಿಸೋಣ ಎಂದೆ, ಅವರು ಬೇಡ ಎಂದರು. ಆದ್ದರಿಂದ ಇದು ನನ್ನ ಮಾತು.


ಮೇ ೧೬

ಅಮ್ಮ,

ಟೀಚರ ಮಾತು ಸರಿ. ಇನ್ನು ರಜೆ ಕೇಳುವ ಅಗತ್ಯವೂ ಇಲ್ಲ. ಕೆಲಸ ಹೋಯಿತು.

ಅಂಕಿ ಬಂದ ದಿನ ಎಲ್ಲರನ್ನೂ ಗಾಜಿನ ಕೋಣೆಗೆ ಕರೆದರು. ಕಣ್ಣಾಸ್ಪತ್ರೆಗಳಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವರು ಹೆಚ್ಚುಕಡಿಮೆ ಯಾರೂ ಇಲ್ಲ. ಶೇಕಡಾ ಹೇಳುವಷ್ಟೂ ಇರಲಿಲ್ಲ. “ಇದನ್ನ ಯಾರು ಬದಲಾಯಿಸಿದ್ದು?” ಎಂದು ಕೇಳಿದರು. ಬಟನ್ ಅಕ್ಕ ಕುರ್ಚಿಯಿಂದ ಏಳುವಂತೆ ಕಂಡರು. ಅದಕ್ಕೆ ಮುಂಚೆ ನಾನೇ ಎದ್ದೆ. “ನಾನು” ಎಂದೆ. ಎಷ್ಟು ಗಟ್ಟಿಯಾಗಿ ಬಂತೆಂದರೆ ಆಚೆ ಕೂತವರೂ ತಿರುಗಿ ನೋಡಿದರು. “ಅದರಲ್ಲಿ ಸುಳ್ಳು ಏನಿದೆ ಸರ್? ಒಂದು ಅಕ್ಷರ ಸುಳ್ಳಿದ್ರೆ ತೋರಿಸಿ” ಎಂದೆ. ಅವರು ತೋರಿಸಲಿಲ್ಲ. “ನಿಮಗೆ ಈ ಜಾಗ ಸರಿಹೊಂದಲ್ಲ” ಎಂದರು.

ಇಷ್ಟೇ ಆಗಿದ್ದರೆ ನಿನಗೆ ನಗುತ್ತಾ ಬರೆಯುತ್ತಿದ್ದೆ.

ಅವರು ಹಳೆಯ ವಾಕ್ಯವನ್ನು ವಾಪಸ್ ಹಾಕಿದ್ದಾರೆ ಅಮ್ಮ. ನಿನ್ನದನ್ನು. ಕಣ್ಣಾಸ್ಪತ್ರೆಗಳಿಗಷ್ಟೇ ಅಲ್ಲ, ಹಲ್ಲು, ಮೂಳೆ, ಚರ್ಮ, ಮುಂದೆ ಬರುವ ಎಲ್ಲ ಆಸ್ಪತ್ರೆಗಳಿಗೂ ಅದೇ ಅಂತೆ. “ಅದನ್ನ ಮಾತ್ರ ತೆಗೀರಿ ಸರ್, ಬೇರೆ ಏನಾದ್ರೂ ಹಾಕ್ಕೊಳ್ಳಿ” ಎಂದು ಕೇಳಿದೆ. ಕೇಳಬಾರದಿತ್ತು. ಕೆಲಸಕ್ಕೆ ಸೇರುವಾಗ ನಾನು ಸಹಿ ಹಾಕಿದ ಕಾಗದದಲ್ಲಿ, ಅಲ್ಲಿ ಕೂತು ನಾನು ಬರೆಯುವ ಪ್ರತಿಯೊಂದು ವಾಕ್ಯವೂ ಕಂಪನಿಯದು ಎಂದಿದೆಯಂತೆ.

“ಅದು ನನ್ನ ವಾಕ್ಯ ಅಲ್ಲ ಸರ್. ನಮ್ಮಮ್ಮನ ಮಾತು” ಎಂದೆ.

“ಒಳ್ಳೇ ಮಾತು. ಅಮ್ಮನವರಿಗೆ ಥ್ಯಾಂಕ್ಸ್ ಹೇಳಿ” ಎಂದರು.

ಹೇಳಿದ್ದೇನೆ, ನೋಡು. ನಿನ್ನಿಂದ ತೆಗೆದುಕೊಂಡದ್ದನ್ನು ನನ್ನ ಕೈಯಾರೆ ಅವರಿಗೆ ಬರೆದುಕೊಟ್ಟೆ, ವಾಪಸ್ ತರಲು ಆಗಲಿಲ್ಲ. ನಿನ್ನ ಮುಂದೆ ಯಾವ ಮುಖ ಹೊತ್ತು ಬರಲಿ?

ನಿನ್ನ ಮಗಳು


ಮೇ ೨೮

ಮಗಳೇ,

ಥ್ಯಾಂಕ್ಸ್ ಅಂತೆ. ಅವನ ಥ್ಯಾಂಕ್ಸಿಗೆ ಬೆಂಕಿ ಬೀಳಲಿ.

ಈ ಅಕ್ಷರ ನೋಡು. ಸಣ್ಣಗಿದೆ, ಸಾಲು ನೆಟ್ಟಗಿದೆ. ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಎದುರು ಮನೆಯ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಯಾವುದೋ ಬಿಳಿ ಅಂಗಿ. ಬಿಳಿ ಅಷ್ಟು ಬಿಳಿ ಎನ್ನುವುದೇ ಮರೆತುಹೋಗಿತ್ತು. ನಿನ್ನೆ ಪ್ರೆಸ್ಸಿಗೆ ಹೋಗಿ ಯಾರನ್ನೂ ಕರೆಯದೆ ಸೂಜಿಗೆ ದಾರ ಪೋಣಿಸಿದೆ. ಪೋಣಿಸಿ, ಹೊಲಿಯುವುದೇನೂ ಇಲ್ಲದಿದ್ದರೂ ಸುಮ್ಮನೆ ಹಿಡಿದು ಕೂತಿದ್ದೆ. ಯಜಮಾನರು ನೋಡಿ ನನ್ನ ಸ್ಟೂಲನ್ನು ತಾವೇ ಎತ್ತಿ ತಂದು ಹಳೆಯ ಜಾಗದಲ್ಲಿಟ್ಟರು.

ಕೌಂಟರಿನ ಕತೆ ಹೇಳುತ್ತೇನೆ. ಅದೇ ಹುಡುಗಿ, ಅದೇ ಗಂಟಲು. ಎಲ್ಲ ಓದುತ್ತ ಬಂದು ನೀನು ಬರೆದದ್ದನ್ನೂ ಗಟ್ಟಿಯಾಗಿ ಓದಿದಳು. ‘ಉತ್ತರ ಕೊಡಬೇಕಾಗಿಲ್ಲ’ ಎನ್ನುವಲ್ಲಿಗೆ ಬಂದು ನಿಂತಳು. ತನಗೆ ತಾನೇ ಇನ್ನೊಮ್ಮೆ ಓದಿಕೊಂಡಳು. “ಬೇಕಾಗಿಲ್ವಂತೆ ಅಮ್ಮ” ಎಂದಳು, ಈ ಸಲ ಮೆಲ್ಲಗೆ. ಅಷ್ಟು ಹೊತ್ತಿಗೆ ಹಾಲಿಗೆಲ್ಲ ಕೇಳಿಯಾಗಿತ್ತು. ಹಿಂದಿನ ಸಾಲಿನಿಂದ, ಎರಡನೇ ಕಣ್ಣು ತೋರಿಸಲು ಬಂದ ಹೆಂಗಸೊಬ್ಬಳು, ಒಂದು ಕಣ್ಣಿಗೆ ಪಟ್ಟಿ, ಎದ್ದು ಬಂದಳು.

“ಬೇಕಾಗಿಲ್ಲ ಅಂದ್ರೆ? ನನ್ನ ಹತ್ರ ಹೋದ ತಿಂಗಳು ಕೇಳಿ ಬರ್ಕೊಂಡ್ರಲ್ಲ?”

“ಅವಾಗ ಬೇಕಿತ್ತಮ್ಮ. ಈಗ ಬೇಡ್ವಂತೆ.”

“ಹಾಗಾದ್ರೆ ನಂದು ಅಳಿಸು.”

“ಅಳಿಸೋಕೆ ಬಟನ್ ಇಲ್ಲಮ್ಮ.”

“ಬರ್ಕೊಳ್ಳೋಕೆ ಇತ್ತು, ಅಳಿಸೋಕೆ ಇಲ್ವಾ? ಯಾರೇ ಇದನ್ನ ಮಾಡಿದ್ದು?”

ಹುಡುಗಿಯ ಮುಖ ಬಾಡಿತು. ಅವಳೇನು ಮಾಡಿಯಾಳು. ನನ್ನ ಮಗಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ‘ಬೇಡ, ಮುಂದೆ ಹೋಗಿ’ ಒತ್ತು ಎಂದೆ. ಒತ್ತಿದಳು. ಆ ಹೆಂಗಸು ನನ್ನ ಪಕ್ಕ ನಿಂತೇ ಇದ್ದಳು. ಅವಳದು ಈಗಲೂ ಅಲ್ಲೇ ಇದೆ, ಆ ಮುದುಕರ ಮೂರೋ ನಾಲ್ಕೋ ಅದೂ ಅಲ್ಲೇ ಇದೆ. ಇದನ್ನು ಮರೆಯಬೇಡ. ನಾನು ನಿನಗೆ ಸಮಾಧಾನ ಹೇಳುತ್ತಿಲ್ಲ.

ಈಗ ಮುಖ್ಯ ಮಾತು. ಅವರು ಇಟ್ಟುಕೊಂಡಿರುವ ಆ ವಾಕ್ಯವನ್ನು ಅವರೇ ಇಟ್ಟುಕೊಳ್ಳಲಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಮನೆಯೊಳಗಿನ ಮಾತು ಎಂದು ನಿನ್ನ ಮೇಲೆ ಹಾರಾಡಿದೆನಲ್ಲ, ಅದು ಮನೆಯೊಳಗಿನದೇ ಅಲ್ಲ. ಅದನ್ನು ನಾನು ಹೇಳಿದ್ದು ಗುಮಾಸ್ತನಿಗೆ. ಇನ್ನೊಂದು ಪ್ರಶ್ನೆ ಅವನು ಕೇಳಬಾರದು ಎಂದು ಹೇಳಿದ್ದು. ಬಾಗಿಲು ಮುಚ್ಚುವುದಕ್ಕೆ ಇಟ್ಟುಕೊಂಡಿದ್ದ ಮಾತು ಅದು. ನೀನು ಬಾಗಿಲಾಚೆ ನಿಂತವರ ಜೊತೆ ನಿಂತು ಕೇಳಿಸಿಕೊಂಡೆ, ಅದೇ ಒಳಗಿನದು ಎಂದುಕೊಂಡೆ. ಒಳಗಿನದನ್ನು ನಾನು ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲ. ನೀನು ಕೇಳಲೂ ಇಲ್ಲ. ಕಂಡ ಕಂಡ ತಾಯಂದಿರನ್ನೆಲ್ಲ ಅಷ್ಟು ಮರ್ಯಾದೆಯಿಂದ ಕೇಳಿದವಳು, ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಸಲ ಒರಟಾಗಿಯಾದರೂ ಕೇಳಲಿಲ್ಲ. ನನ್ನ ಸಿಟ್ಟು ಅದು. ಮೊದಲಿನಿಂದಲೂ ಅದೇ ಇದ್ದಿರಬೇಕು, ಕೌಂಟರಿನ ಮುಂದೆ ಹೊರಗೆ ಬಂತು.

ಯಾವ ಮುಖ ಹೊತ್ತು ಬರಲಿ ಎಂದಿದ್ದೀಯ. ಇರುವ ಮುಖ ಹೊತ್ತು ಬಾ. ಬಂದು ಕೇಳು. ದಯವಿಟ್ಟು ಗಿಯವಿಟ್ಟು ಏನೂ ಬೇಡ. ಬೇಡ ಅನ್ನಿಸಿದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ, ನೀನು ಅಲ್ಲಿಗೆ ಬಿಡಬೇಕು. ಕೊಟ್ಟದ್ದನ್ನು ಎಲ್ಲೂ ಬರೆಯಬಾರದು.

ಒಂದನ್ನು ನೀನು ಕೇಳದೆಯೇ ಹೇಳುತ್ತೇನೆ. ನಿನಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ನೀರು ಬೇಕಾದರೆ ನೀನು ಅಣ್ಣನ ಅಂಗಿ ಎಳೆಯುತ್ತಿದ್ದೆ. ಅವನು ಆಡುತ್ತಿದ್ದುದನ್ನು ಬಿಟ್ಟು ಒಳಗೆ ಬಂದು, “ಅಮ್ಮ, ಇವಳಿಗೆ ನೀರು ಬೇಕಂತೆ” ಎನ್ನುತ್ತಿದ್ದ. ಹಸಿವಾದರೆ, “ಇವಳಿಗೆ ಹಸಿವಂತೆ.” ನಿದ್ದೆ ಬಂದರೆ, “ಎತ್ಕೋಬೇಕಂತೆ.” ನೀನು ಏನೂ ಹೇಳಿರುತ್ತಿರಲಿಲ್ಲ. ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಅವನು ಹೋದ ಮೇಲೆ ಒಂದು ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ನಾನು ಒಲೆಯ ಕಡೆ ತಿರುಗಿಕೊಂಡಿದ್ದೆ, ನೋಡಲಿಲ್ಲ. ಕೊನೆಗೆ ನೀನೇ ಬಾಯಿ ಬಿಟ್ಟು “ನೀರು” ಎಂದೆ. ನೀನು ಆಡಿದ ಮೊದಲ ಮಾತು ಅದು.

ಬಾ.

ಅಮ್ಮ